ಕಾರವಾರದಲ್ಲಿ ಮನೆ ಮಾಡುವ ಮೊದಲು

ಬೆಂಗಳೂರು ಬಿಟ್ಟು ಕಾರವಾರದ ಕಡೆ ಬಂದು ಇದ್ದರೆ ಹೇಗೆ ಅಂತ ಕೇಳಿದ್ದೀರಿ. ಕೆಲಸ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ, ಸಮುದ್ರ ಹತ್ತಿರ ಇದ್ದರೆ ಸಾಕು ಅನ್ನುವುದು ನಿಮ್ಮ ಲೆಕ್ಕ. ಸಮುದ್ರದ ಬಗ್ಗೆ ನಾನು ಹೇಳುವುದು ಏನೂ ಇಲ್ಲ, ಅದನ್ನು ನೋಡಿ ಮರುಳಾಗಿಯೇ ಈ ಮಾತು ಎತ್ತಿದ್ದೀರಿ. ನಾನು ಹೇಳುವುದು ಗೋವಾ ಗಡಿಯ ಬಗ್ಗೆ. ಇಲ್ಲಿ ಸಂಸಾರ ಮಾಡಬೇಕಾದರೆ ಯಾವ ಕೆಲಸಕ್ಕೆ ಯಾವ ದಿಕ್ಕಿಗೆ ಹೋಗಬೇಕು ಅನ್ನುವುದು ಮೊದಲು ಗೊತ್ತಿರಬೇಕು.

ನಮ್ಮ ಮನೆ ಸದಾಶಿವಗಡದಲ್ಲಿ, ಕಾಳಿ ನದಿಯ ಉತ್ತರ ದಡದಲ್ಲಿದೆ. ಸೇತುವೆ ದಾಟಿದರೆ ಕಾರವಾರ ಪೇಟೆ. ಈ ಕಡೆ ಮಾಜಾಳಿ ದಾಟಿದರೆ ಪೋಳೆಂ, ಅಂದರೆ ಗೋವಾ. ಪಣಜಿ ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ನಮ್ಮ ರಾಜಧಾನಿ ಐನೂರು ದಾಟುತ್ತದೆ. ಹಾಗಾಗಿ ಓದು ಮುಗಿಸಿದ ಹುಡುಗರು ಗೋವಾದ ಮಡಗಾಂವ್, ವೆರ್ಣಾ ಕಡೆಯ ಕಂಪನಿಗಳನ್ನೋ ಹೋಟೆಲುಗಳನ್ನೋ ಸೇರುತ್ತಾರೆ. ಕೆಲವರು ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ಗೋವಾದ ಕದಂಬ ಬಸ್ಸು ಕಾರವಾರ ಸ್ಟ್ಯಾಂಡಿಗೇ ಬರುತ್ತದೆ. ಅಲ್ಲಿ ಪೆಟ್ರೋಲ್ ಅಗ್ಗ, ಆ ಕಡೆ ಹೋದವರು ಟ್ಯಾಂಕ್ ತುಂಬಿಸಿಕೊಂಡೇ ಬರುತ್ತಾರೆ. ಬಾಟಲಿಯೂ ಅಗ್ಗ. ಅದನ್ನು ತರುವವರನ್ನು ಮಾತ್ರ ಮಾಜಾಳಿ ತನಿಖಾ ಠಾಣೆಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ.

ಭಾಷೆಯ ಚಿಂತೆ ಬೇಡ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಜ್ಜಂದಿರ ಭಜನೆ ಮರಾಠಿಯಲ್ಲಿ, ಹೀಗೆ ನಡೆಯುತ್ತದೆ. ಈ ಜಿಲ್ಲೆ 1862ರಿಂದ 1956ರ ತನಕ ಮುಂಬೈ ಆಡಳಿತದಲ್ಲಿತ್ತು, ಆ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಕಾರವಾರ ಯಾವ ರಾಜ್ಯಕ್ಕೆ ಸೇರಬೇಕು ಅಂತ ಆಗಾಗ ಹೊರಗಿನವರು ಕೂಗು ಎಬ್ಬಿಸುತ್ತಾರೆ. ನಮಗೆ ಅಷ್ಟು ಹೊತ್ತಿಗೆ ಮಾರ್ಕೆಟ್‌ಗೆ ಹೋಗುವ ಅವಸರ ಇರುತ್ತದೆ.

ಮೀನಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಕ್ಷಮಿಸಿ. ಬೈತಖೋಲ್ ಬಂದರಿಗೆ ದೋಣಿ ಬಂದ ದಿನ ಪೇಟೆಯ ಮೂಡೇ ಬೇರೆ ಆಗಿರುತ್ತದೆ. ಬಂಗಡೆ, ತಾರ್ಲೆ, ಇಸ್ವಾಣ, ಸಿಗಡಿ, ಎಲ್ಲವೂ ಬುಟ್ಟಿಯಲ್ಲಿ. ಮಾರುವ ಹೆಂಗಸರು ಮೊದಲ ದರವನ್ನು ನಿಮ್ಮ ಮುಖ ನೋಡಿಯೇ ಹೇಳುತ್ತಾರೆ. "ಬಾಂಗ್ಡೆ ಕಶೆ ದಿಲೆ?" ಅಂತ ಕೊಂಕಣಿಯಲ್ಲಿ ಕೇಳಿದರೆ ದರ ಸ್ವಲ್ಪ ಇಳಿಯುವುದುಂಟು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಕೆರಳಿರುತ್ತದೆ. ಅದಕ್ಕೇ ಮೇ ತಿಂಗಳಲ್ಲೇ ಒಣ ಮೀನು ಕೊಂಡು ಡಬ್ಬಿ ತುಂಬಿಸಿಡುತ್ತೇವೆ. ಮಳೆಯಲ್ಲಿ ಗಂಜಿಯ ಜೊತೆ ಸುಟ್ಟ ಒಣ ಬಂಗಡೆ ಇದ್ದರೆ ಬೇರೆ ಪಲ್ಯದ ನೆನಪೂ ಆಗುವುದಿಲ್ಲ. ನೀವು ಸಸ್ಯಾಹಾರಿಗಳಾದರೆ ಶಿರಸಿ ಕಡೆ ಮನೆ ನೋಡಿ, ನಿಜವಾಗಿ ಹೇಳುತ್ತಿದ್ದೇನೆ.

ಈ ಮೀನಿಗೂ ಗಡಿ ಅಡ್ಡ ಬಂದದ್ದಿದೆ. 2018ರ ನವೆಂಬರಿನಲ್ಲಿ, ಮೀನು ಕೆಡದಿರಲಿ ಅಂತ ಫಾರ್ಮಾಲಿನ್ ಅನ್ನುವ ರಾಸಾಯನಿಕ ಹಾಕುತ್ತಾರೆ ಅನ್ನುವ ಗುಮಾನಿಯ ಮೇಲೆ ಗೋವಾ ಸರ್ಕಾರ ಹೊರ ರಾಜ್ಯದ ಮೀನಿಗೆ ತಡೆ ಹಾಕಿತು. ಬೆಳಿಗ್ಗೆ ಹಿಡಿದು ಮಧ್ಯಾಹ್ನದೊಳಗೆ ಅಲ್ಲಿ ಮಾರಾಟವಾಗುತ್ತಿದ್ದ ನಮ್ಮ ಮೀನೂ ಪೋಳೆಂನಲ್ಲಿ ನಿಂತಿತು. 2020ರ ಲಾಕ್‌ಡೌನಿನಲ್ಲಿ ಮನುಷ್ಯರ ಸರದಿ ಬಂತು. ಆ ಕಡೆ ದುಡಿಯುತ್ತಿದ್ದವರು ಅಲ್ಲೇ ಸಿಕ್ಕಿಬಿದ್ದರು. ಬೇರೆ ದಿನಗಳಲ್ಲಿ ಗಡಿ ಅಂದರೆ ಒಂದು ಬೋರ್ಡು, ಅಷ್ಟೇ.

ಇನ್ನು ಕಷ್ಟಗಳು. ಮಳೆಗಾಲ ನೀವು ಅಂದುಕೊಂಡ ಹಾಗೆ ಚಹಾ ಹಿಡಿದು ಕಿಟಕಿಯಲ್ಲಿ ಕೂರುವ ಕಾಲ ಅಲ್ಲ. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಕರೆಂಟ್ ಹೋಗುತ್ತದೆ. ನಮ್ಮದೇ ತಾಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2018ರಲ್ಲಿ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. ಜೂನಿನಲ್ಲಿ ನಮ್ಮ ಬೀದಿಯ ಕರೆಂಟ್ 962 ನಿಮಿಷ ಇದ್ದರೂ ಸಾಕು ಅಂತ ನಾವು ನಗುತ್ತೇವೆ. ನಿಮ್ಮದು ಮನೆಯಿಂದಲೇ ಮಾಡುವ ಕೆಲಸ, ಇನ್ವರ್ಟರ್ ಇಲ್ಲದೆ ಆಗುವುದಿಲ್ಲ.

ರಸ್ತೆ ಅಂದರೆ ಒಂದೇ ಹೆದ್ದಾರಿ, 66. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೀರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿಯಿತು. ಚಹಾ ಅಂಗಡಿ, ಲಾರಿ, ಜನ, ಎಲ್ಲ ಗಂಗಾವಳಿ ನದಿಯ ಪಾಲಾಯಿತು. ಕುಮಟಾಕ್ಕೆ ಹೋಗುವವರು ಘಟ್ಟ ಹತ್ತಿ ಸುತ್ತಬೇಕಾಯಿತು. ಆ ದುಃಖ ಆರುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ನಮ್ಮ ಕಾಳಿಯ ಹಳೇ ಸೇತುವೆ ಮುರಿದುಬಿತ್ತು. ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿದರು. ಇಡೀ ದಿನ ಸ್ಕೂಲ್ ಬಸ್ಸು ಓಡಾಡುವ ಸೇತುವೆ ಅದು. ಪಕ್ಕದಲ್ಲಿ ಹೊಸ ಸೇತುವೆ ಇಲ್ಲದಿದ್ದರೆ ಸೇತುವೆಗೂ ಮುಂಚಿನ ಕಾಲದ ಹಾಗೆ ತಾರಿಗೆ, ಅಂದರೆ ನದಿ ದಾಟಿಸುವ ದೋಣಿಗೆ, ಕಾಯುತ್ತ ಕೂರಬೇಕಿತ್ತು. ಅಂದಿನಿಂದ ಎರಡೂ ಕಡೆಯ ವಾಹನಗಳು ಹೊಸ ಸೇತುವೆ ಒಂದರ ಮೇಲೇ ಓಡಾಡತೊಡಗಿದವು. ಅದರ ಮೇಲೆ ಹೋಗುವಾಗ ನಮ್ಮ ಅತ್ತೆ ಇವತ್ತಿಗೂ ಮಾತು ನಿಲ್ಲಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಆಸ್ಪತ್ರೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ದಿನನಿತ್ಯದ ಜ್ವರ, ಹೆರಿಗೆಗೆ ಅಡ್ಡಿಯಿಲ್ಲ. ಎದೆ ಹಿಡಿದುಕೊಂಡರೆ, ತಲೆಗೆ ಪೆಟ್ಟು ಬಿದ್ದರೆ, ಆಂಬುಲೆನ್ಸ್ ಹತ್ತಿ ಗೋವಾದ ಬಾಂಬೋಳಿಗೆ, ಇಲ್ಲವೇ ಮಣಿಪಾಲಕ್ಕೆ, ಹುಬ್ಬಳ್ಳಿಗೆ. ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲೂ 2018ರಿಂದ ಹೊರ ರಾಜ್ಯದವರು ದುಡ್ಡು ಕೊಡಬೇಕು. ಜಿಲ್ಲೆಗೊಂದು ಒಳ್ಳೆಯ ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಭಟ್ಕಳದಿಂದ ಕಾರವಾರದ ತನಕ ಜನ ದನಿ ಎತ್ತಿದರು. ನಿಮ್ಮ ಜೊತೆ ವಯಸ್ಸಾದ ಅಪ್ಪ ಅಮ್ಮ ಬರುವವರಿದ್ದರೆ ನಾನು ಬನ್ನಿ ಅನ್ನಲಾರೆ. ಬೇರೆ ಯಾವ ತೊಂದರೆಗೂ ಒಗ್ಗಿಕೊಳ್ಳಬಹುದು, ಇದಕ್ಕೆ ಆಗುವುದಿಲ್ಲ.

ಒಬ್ಬರೇ ಆರಾಮಾಗಿ, ಯಾರ ಕಣ್ಣಿಗೂ ಬೀಳದೆ ಇರಬೇಕು ಅನ್ನುವವರಿಗೂ ಇದು ಜಾಗ ಅಲ್ಲ. ಕೈಯಲ್ಲಿರುವ ಚೀಲ ನೋಡಿಯೇ ಯಾವ ಮೀನು, ಎಷ್ಟಕ್ಕೆ, ಯಾಕೆ ಅಷ್ಟು ಕೊಟ್ಟಿರಿ ಅಂತ ಕೇಳುತ್ತಾರೆ. ಬಾಡಿಗೆ ಎಷ್ಟು, ಮದುವೆ ಯಾಕೆ ಆಗಿಲ್ಲ ಅನ್ನುವುದೂ ಬರುತ್ತದೆ. ಆದರೆ ಎರಡು ದಿನ ನಿಮ್ಮ ಬಾಗಿಲು ತೆರೆಯದಿದ್ದರೆ ತಟ್ಟುವವರೂ ಅವರೇ. ರಾತ್ರಿ ಆಂಬುಲೆನ್ಸ್ ಬಂದರೆ ಜೊತೆಗೆ ಬಾಂಬೋಳಿಗೆ ಬಂದು, ಅಲ್ಲಿಯ ಕೌಂಟರಿನಲ್ಲಿ ಕೊಂಕಣಿಯಲ್ಲಿ ಮಾತಾಡಿ ಕೆಲಸ ಮಾಡಿಸುವವರೂ ಅವರೇ. ಚವತಿ ಹೊತ್ತಿಗೆ ಬಂದು ನೋಡಿ. ಗೋವಾ, ಮುಂಬೈಯಲ್ಲಿ ದುಡಿಯುವವರೆಲ್ಲ ಊರಿಗೆ ಬಂದಿರುತ್ತಾರೆ, ಗಣಪತಿಯ ಮೇಲೆ ಹಣ್ಣು ಕಾಯಿ ಕಟ್ಟಿದ ಫಲಾವಳಿ ತೂಗುತ್ತಿರುತ್ತದೆ, ಹೊಸಬರು ಅಂತ ನಿಮ್ಮನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ.

ಇಷ್ಟಾದ ಮೇಲೂ ಮನಸ್ಸಿದ್ದರೆ, ಮನೆ ನೋಡಲು ಡಿಸೆಂಬರಿನಲ್ಲಿ ಬರಬೇಡಿ. ಆಗ ಎಲ್ಲ ಮನೆಯೂ ಚಂದವೇ. ಜುಲೈಯಲ್ಲಿ ಬನ್ನಿ, ಗೋಡೆ ಎಲ್ಲಿ ಒಸರುತ್ತದೆ ಅಂತ ಕಾಣುತ್ತದೆ. ರೈಲು ಜಾಸ್ತಿ ಹಿಡಿಯುವವರಾದರೆ ನಿಲ್ದಾಣ ಪೇಟೆಯಲ್ಲಿಲ್ಲ, ದೂರದ ಶಿರವಾಡದಲ್ಲಿದೆ ಅನ್ನುವುದು ನೆನಪಿರಲಿ. ಹೊಳೆ ಹತ್ತಿರದ ಮನೆಯಾದರೆ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ ಅಂತ ವಿಚಾರಿಸಿ. ಮನೆ ಮಾಲೀಕರ ಹತ್ತಿರ ಬೇಡ, ಪಕ್ಕದ ಮನೆಯವರ ಹತ್ತಿರ ಕೇಳಿ.