ಹಳೇ ಸ್ಕಿಡ್ ಸ್ಟಿಯರ್ ಲೋಡರ್ ತಗೊಳ್ಳೋಕೆ ಮುಂಚೆ ಚೆನ್ನಾಗಿ ಬಿಸಿ ಮಾಡಿ ನೋಡಿ

ಪ್ರಶ್ನೆ: ಸರ್, ನಮ್ದು ಸೋಮವಾರಪೇಟೆ ಹತ್ರ ಕಾಫಿ ತೋಟ, ಜೊತೆಗೆ ಹಸುಗಳೂ ಇವೆ. ಗೊಬ್ಬರ ತುಂಬೋಕೆ, ಕಣದ ಹತ್ರ ಕಾಫಿ ಸಿಪ್ಪೆ ಎತ್ತೋಕೆ ಆಳು ಸಿಗ್ತಿಲ್ಲ. ಮೈಸೂರಲ್ಲಿ ಒಂದು ಹಳೇ ಬಾಬ್‌ಕ್ಯಾಟ್ (ಮುಂದೆ ಬಕೆಟ್ ಇರೋ ಪುಟ್ಟ ಸ್ಕಿಡ್ ಸ್ಟಿಯರ್ ಲೋಡರ್) ಮಾರಾಟಕ್ಕಿದೆ, ಮೀಟರ್‌ನಲ್ಲಿ 2,800 ಗಂಟೆ ಓಡಿದೆ ಅಂತ ತೋರಿಸ್ತಿದೆ. ಏನು ನೋಡಿ ತಗೋಬೇಕು?
– ಒಬ್ಬ ಬೆಳೆಗಾರ

ಉತ್ತರ: ಬರೀ ಮೀಟರ್ ನಂಬ್ಬೇಡಿ. ಗಂಟೆ ಕಮ್ಮಿ ತೋರಿಸ್ತಾ ಲಿವರ್ ಹಿಡಿ, ಪೆಡಲ್, ಸೀಟು ಎಲ್ಲ ಸವೆದು ಹೋಗಿದ್ರೆ ಅನುಮಾನ ಪಡ್ಲೇಬೇಕು. ‘ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ’ ಅಂತ ಮಾರೋರಿಗೆ ಫೋನಲ್ಲೇ ಹೇಳಿಬಿಡಿ, ಇಂಜಿನ್ ತಣ್ಣಗಿದ್ದಾಗ ಹೇಗೆ ಹತ್ತುತ್ತೆ ಅಂತ ಕಣ್ಣಾರೆ ನೋಡ್ಬೇಕು. ನೀಲಿ ಹೊಗೆ ನಿಲ್ಲದೇ ಇದ್ರೆ ಆಯಿಲ್ ಸುಡ್ತಿದೆ.

ಆದ್ರೆ ಇದ್ರಲ್ಲಿ ಜಾಸ್ತಿ ದುಡ್ಡು ನುಂಗೋದು ಹೈಡ್ರಾಲಿಕ್. ಇಲ್ಲಿ ಪಂಪು ತಳ್ಳೋ ಆಯಿಲ್‌ನಿಂದಲೇ ಎಡ ಚಕ್ರಗಳಿಗೊಂದು ಬಲ ಚಕ್ರಗಳಿಗೊಂದು ಮೋಟರ್ ಓಡುತ್ತೆ, ಸವೆದ ಪಂಪೂ ಆಯಿಲ್ ತಣ್ಣಗೆ ಗಟ್ಟಿಯಾಗಿದ್ದಾಗ ಚೆನ್ನಾಗೇ ಎಳೆಯುತ್ತೆ, ಬಿಸಿಯಾಗಿ ತೆಳ್ಳಗಾದ್ಮೇಲೆ ಒಳಗೊಳಗೇ ಸೋರಿ ಶಕ್ತಿ ಕಳ್ಕೊಳ್ಳುತ್ತೆ. ಅದಕ್ಕೇ ಮುಕ್ಕಾಲು ಗಂಟೆನಾದ್ರೂ ಕೆಲಸ ಮಾಡಿಸಿ, ಆಮೇಲೆ ಮಣ್ಣುಗುಡ್ಡೆಗೆ ಬಕೆಟ್ ನುಗ್ಗಿಸಿ. ಎರಡೂ ಬದಿ ಒಂದೇ ಸಮ ತಳ್ಬೇಕು, ನೇರ ಬಿಟ್ರೆ ಒಂದು ಕಡೆಗೆ ಎಳೀಬಾರ್ದು. ತುಂಬಿದ ಬಕೆಟ್ ಸ್ವಲ್ಪ ಎತ್ತಿ ಆಫ್ ಮಾಡಿಸಿ, ತಾನೇ ಇಳೀತಾ ಬಂದ್ರೆ ಸೀಲ್ ಅಥವಾ ವಾಲ್ವ್ ಹೋಗಿದೆ, ಕೆಳಗೆ ಮಾತ್ರ ಯಾರೂ ನಿಲ್ಬೇಡಿ. ಹೋಸ್ ಸೋರಿಕೆನ ಕೈಯಲ್ಲಿ ಸವರಿ ನೋಡ್ಲೇಬೇಡಿ, ರಟ್ಟು ಹಿಡೀರಿ. ಆ ಪ್ರೆಷರ್‌ಗೆ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಮೇಲೆ ಕಾಣೋದು ಸೂಜಿ ಚುಚ್ಚಿದಷ್ಟೇ, ಆಸ್ಪತ್ರೆಗೆ ತಡವಾದ್ರೆ ಬೆರಳೇ ತೆಗೀಬೇಕಾಗ್ಬೋದು.

ಬಕೆಟ್ ಪಿನ್‌ಗಳು ಸಡಿಲವಾಗಿ ಅಲ್ಲಾಡ್ತಿದ್ರೆ ರೇಟ್ ಇಳಿಸಿ ಕೇಳಿ, ಅದು ರಿಪೇರಿ ಆಗೋ ವಿಷ್ಯ. ಸೀಟ್ ಬಾರ್ (ಕೂತವರ ಮುಂದೆ ಇಳಿಸ್ಕೊಳ್ಳೋ ಕಂಬಿ) ಎತ್ತಿದ ಕೂಡ್ಲೇ ಬಕೆಟ್ ಎತ್ತೋ ಆರ್ಮ್ ಕೆಲಸ ನಿಲ್ಬೇಕು, ಅದರ ವೈರ್ ಬೈಪಾಸ್ ಮಾಡಿದ್ರೆ ಸರಿ ಮಾಡಿಸಿಕೊಡೋವರೆಗೂ ಮುಟ್ಬೇಡಿ. ನಮ್ಮ ಕೊಡಗಿನ ಇಳಿಜಾರಲ್ಲಿ, ಅದೂ ಮಳೆಗಾಲದಲ್ಲಿ, ಇದು ಪ್ರಾಣದ ಪ್ರಶ್ನೆ. ಬಕೆಟ್ ತುಂಬಿದ್ರೆ ಬಕೆಟ್ ಏರಿನ ಕಡೆಗಿರ್ಲಿ, ಖಾಲಿ ಇದ್ರೆ ಹಿಂಭಾಗ ಏರಿನ ಕಡೆಗಿರ್ಲಿ, ಭಾರ ಯಾವ್ ಕಡೆನೋ ಅದು ಮೇಲಿರ್ಬೇಕು. ಕಾಫಿ ಸಾಲಿನೊಳಗೆ ಇಳಿಸ್ಲೇಬೇಡಿ, ಇದು ಚಕ್ರ ಉಜ್ಜಿಕೊಂಡೇ ತಿರುಗೋ ಮಿಷನ್, ಮೇಲ್ಮಣ್ಣಲ್ಲಿರೋ ಸಣ್ಣ ಬೇರೆಲ್ಲ ಕಿತ್ಕೊಂಡು ಬರುತ್ತೆ. ಕಣ, ಕೊಟ್ಟಿಗೆ, ತೋಟದ ರಸ್ತೆ ಅಷ್ಟಕ್ಕೇ ಇಟ್ಕೊಳ್ಳಿ.

ಹಳೇ ಬಿಲ್ಲು, ಆರ್‌ಸಿ, ಚಾಸಿ ನಂಬರ್ ತಾಳೆ ನೋಡಿ. ಲೋನ್ ಇದ್ದಿದ್ರೆ ಫೈನಾನ್ಸ್‌ನವರ ಎನ್‌ಒಸಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ.