ಕೆಲಸದ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕಿಕೊಳ್ಳಲಿ? ಪದೇ ಪದೇ ಕೈಕೊಡಬಾರದು

ಡೆಬಿಯನ್ ಎಂಬ ಲಿನಕ್ಸ್‌ನ ‘ಸ್ಟೇಬಲ್’ ಆವೃತ್ತಿ ಹಾಕಿಕೊಳ್ಳಿ. ಕನ್ನಡದಲ್ಲಿ ಬರೆಯೋದು, ಒಂದಿಷ್ಟು ಲೆಕ್ಕಪತ್ರ, ಮೇಲ್, ವಿಡಿಯೋ ಮೀಟಿಂಗ್ ಅಂದಿದ್ದೀರಿ. ಲ್ಯಾಪ್‌ಟಾಪ್ ನಾಲ್ಕು ವರ್ಷ ಹಳೆಯದು. ಇದಕ್ಕೆ ಅದು ಧಾರಾಳವಾಗಿ ಸಾಕು. ನನ್ನ ಕೆಲಸದ ಕಂಪ್ಯೂಟರ್‌ನಲ್ಲಿ ಇರುವುದೂ ಅದೇ.

ಡೆಬಿಯನ್ ತಯಾರಾಗುವ ರೀತಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಹೊಸ ಆವೃತ್ತಿಯ ತಂತ್ರಾಂಶ ಬಂದರೆ ಅದು ಮೊದಲು ‘ಸಿಡ್’ ಎಂಬ ಶಾಖೆಗೆ ಹೋಗುತ್ತದೆ. ಕೆಲವು ದಿನ ಅಲ್ಲಿ ಗಂಭೀರ ದೋಷ ಕಾಣಿಸದಿದ್ದರೆ ‘ಟೆಸ್ಟಿಂಗ್’ ಶಾಖೆಗೆ ಬರುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಆ ಟೆಸ್ಟಿಂಗ್‌ಗೆ ಹೊಸದು ಬರದಂತೆ ಬಾಗಿಲು ಹಾಕಿ, ತಿಂಗಳುಗಟ್ಟಲೆ ದೋಷ ತಿದ್ದಿ, ಆಮೇಲೆ ‘ಸ್ಟೇಬಲ್’ ಅಂತ ಬಿಡುಗಡೆ ಮಾಡುತ್ತಾರೆ. ಅಲ್ಲಿಂದ ಮುಂದೆ ಆವೃತ್ತಿಗಳು ಬಹುಮಟ್ಟಿಗೆ ಬದಲಾಗುವುದಿಲ್ಲ. ಭದ್ರತೆಯ ತೂತು ಕಂಡರೆ ಅದಕ್ಕಷ್ಟೇ ತೇಪೆ ಹಾಕುತ್ತಾರೆ. ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗೆ ಮಾತ್ರ ವಿನಾಯಿತಿ, ಅದನ್ನು ಹಳೆಯದಾಗಿ ಬಿಡುವ ಹಾಗಿಲ್ಲವಲ್ಲ. ಹಾಗಾಗಿ ರಾತ್ರಿ ಅಪ್‌ಡೇಟ್ ಮಾಡಿ, ಬೆಳಿಗ್ಗೆ ಮೀಟಿಂಗ್ ಹೊತ್ತಿಗೆ ಮೈಕ್ ಸತ್ತುಹೋಗುವ ಭಯ ತುಂಬಾ ಕಡಿಮೆ.

ಈಗಿನ ಡೆಬಿಯನ್ 13, ಹೆಸರು ಟ್ರಿಕ್ಸಿ, ಬಂದದ್ದು 2025ರ ಆಗಸ್ಟ್‌ನಲ್ಲಿ. ಮೂರು ವರ್ಷದ ಪೂರ್ಣ ಬೆಂಬಲ, ಮೇಲೆ ಎರಡು ವರ್ಷದ ದೀರ್ಘಾವಧಿ ಬೆಂಬಲ ಸೇರಿ 2030ರವರೆಗೆ ಚಿಂತೆಯಿಲ್ಲ. ವೈಫೈ ಚಿಪ್ ನಡೆಯಲು ಬೇಕಾದ ಪುಟ್ಟ ತಂತ್ರಾಂಶ (ಫರ್ಮ್‌ವೇರ್) ಬೇರೆ ಹುಡುಕಬೇಕು ಎಂಬ ದೂರು ಹಳೆಯದು. ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್‌ನಲ್ಲೇ ಬರುತ್ತದೆ.

ಬೇರೆ ಲಿನಕ್ಸ್‌ಗಳಲ್ಲಿ ಉಬುಂಟು ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ ಆವೃತ್ತಿ) ಕೂಡ ಕೆಟ್ಟದ್ದಲ್ಲ, ಆದರೆ ತಂತ್ರಾಂಶ ಹಾಕಲು ಅದು ಬಳಸುವ ಸ್ನ್ಯಾಪ್ ವ್ಯವಸ್ಥೆ ನನಗೆ ಸೇರುವುದಿಲ್ಲ. ವಿಂಡೋಸ್ ಬಳಸಿ ಅಭ್ಯಾಸವಾದ ಕೈಗೆ ಮಿಂಟ್ ಬೇಗ ಒಗ್ಗುತ್ತದೆ. ಫೆಡೋರಾ ಚೆನ್ನಾಗಿದೆ, ಆದರೆ ಒಂದು ಆವೃತ್ತಿಗೆ ಬೆಂಬಲ ಸುಮಾರು 13 ತಿಂಗಳು ಅಷ್ಟೇ. ಹೊಸ ಆವೃತ್ತಿಗಳು ಬಂದ ಹಾಗೆಲ್ಲ ಬದಲಾಗುತ್ತಲೇ ಇರುವ ಆರ್ಚ್ ಭಾನುವಾರದ ಹವ್ಯಾಸಕ್ಕಿರಲಿ, ಕೆಲಸದ ಯಂತ್ರಕ್ಕೆ ಬೇಡ.

ಡೆಬಿಯನ್‌ನಲ್ಲಿ ತಂತ್ರಾಂಶಗಳು ಹಳೆಯವು ಅಂತ ಗೊಣಗುವವರು ಜಾಸ್ತಿ. ನಿಜವೇ. ಯಾವುದೋ ಒಂದರ ಹೊಸ ಆವೃತ್ತಿ ಬೇಕೇಬೇಕು ಅಂದರೆ ಅದೊಂದನ್ನು ಫ್ಲ್ಯಾಟ್‌ಪ್ಯಾಕ್‌ನಿಂದ (ತಂತ್ರಾಂಶವನ್ನು ಉಳಿದ ವ್ಯವಸ್ಥೆಯಿಂದ ಬೇರೆಯಾಗಿ ಹಾಕುವ ವಿಧಾನ) ತೆಗೆದುಕೊಳ್ಳಿ, ಉಳಿದದ್ದನ್ನು ಮುಟ್ಟಬೇಡಿ.

ಕನ್ನಡ ಟೈಪಿಂಗ್‌ಗೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ. ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಕೈಗೆ ಬೇಕಾದ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ವಿಂಡೋಸ್ ತೆಗೆಯುವ ಮುಂಚೆಯೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಡೆ ಅವು ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಲೆಕ್ಕಪತ್ರ ಅಂದಿರಲ್ಲ, ಅದು ಟ್ಯಾಲಿಯಲ್ಲೋ ಬರೀ ಎಕ್ಸೆಲ್‌ನಲ್ಲೋ? ಎಕ್ಸೆಲ್ ಆದರೆ ಲಿಬ್ರೆಆಫೀಸ್ ಬಹುಪಾಲು ಕಡತ ತೆರೆಯುತ್ತದೆ, ಮ್ಯಾಕ್ರೋ ಇದ್ದವು ಮಾತ್ರ ತಕರಾರು ಮಾಡಬಹುದು. ಟ್ಯಾಲಿ ಆದರೆ, ಅಥವಾ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತಿದ್ದರೆ, ವಿಂಡೋಸ್ ಅನ್ನು ಡಿಸ್ಕ್‌ನ ಒಂದು ಭಾಗದಲ್ಲಿ (ಪಾರ್ಟಿಷನ್) ಉಳಿಸಿಕೊಳ್ಳಿ. ಏನೇ ಇರಲಿ, ಮೊದಲು ಪೆನ್‌ಡ್ರೈವ್‌ನಲ್ಲಿ ಡೆಬಿಯನ್ ಲೈವ್ (ಇನ್‌ಸ್ಟಾಲ್ ಮಾಡದೆಯೇ ಓಡುವ ರೂಪ) ಹಾಕಿ ಅರ್ಧ ದಿನ ಓಡಿಸಿ ನೋಡಿ. ವೈಫೈ, ಕ್ಯಾಮೆರಾ, ಪ್ರಿಂಟರ್, ಜೊತೆಗೆ ಮುಚ್ಚಳ ಮುಚ್ಚಿ ತೆಗೆದಾಗ ಸರಿಯಾಗಿ ಎಚ್ಚರಾಗುತ್ತದಾ ಅಂತ.