ಫೋಮ್ ಕಪ್ಪೆಯ ಪದರ ಬಿಡುವುದೇಕೆ?

ಪ್ರಶ್ನೆ: ಸಿಂಧನೂರು ಕಡೆಯ ಕೆರೆಗಳಲ್ಲಿ ಕೊರಮೀನಿಗಾಗಿ ಫ್ಲೈ ರಾಡ್‌ಗೆ (ಹಗುರ ಆಮಿಷ ಎಸೆಯುವ ಗಾಳದ ಕೋಲಿಗೆ) ಫೋಮ್ ಕಪ್ಪೆ, ಅಂದರೆ ಕಪ್ಪೆಯಂಥ ಕೃತಕ ಆಮಿಷ ಮಾಡುತ್ತಿದ್ದೇನೆ. ಸ್ಟೇಷನರಿ ಅಂಗಡಿಯ 2 ಮಿ.ಮೀ. ಫೋಮ್ ಶೀಟನ್ನು ಕತ್ತರಿಯಿಂದ ಕತ್ತರಿಸಿ, ಮೂರು ಪದರಗಳನ್ನು ಮರಗೆಲಸದ ಬಿಳಿ ಅಂಟಿನಿಂದ ಸೇರಿಸುತ್ತೇನೆ. ಹತ್ತು ಸಲ ಎಸೆಯುವುದರೊಳಗೆ ಪದರ ಬಿಡುತ್ತವೆ, ಮೈ ಗಾಳದ ಸುತ್ತ ತಿರುಗುತ್ತದೆ. ಸೂಪರ್ ಗ್ಲೂ ಹಾಕಿದರೆ ಅಂಟಿದ ಗೆರೆಯೇ ಸೀಳುತ್ತದೆ.

ಉತ್ತರ: ಮೊದಲು ಅಂಟಿಸಿ, ಆಮೇಲೆ ಕತ್ತರಿಸಿ. ಚೂರುಗಳನ್ನು ಒಂದೊಂದಾಗಿ ಅಂಟಿಸಿದರೆ ಅಂಚು ಎಂದೂ ಕೂಡಿಬರುವುದಿಲ್ಲ, ಬಿರುಕು ಶುರುವಾಗುವುದೂ ಅಲ್ಲಿಂದಲೇ.

ಈ ಶೀಟು ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್‌ನ ಫೋಮ್. ಅದು ನೀರು ಹೀರುವುದಿಲ್ಲ, ಹಾಗಾಗಿ ನೀರಿನ ಬಿಳಿ ಅಂಟು ಒಳಗಿಳಿಯದೆ ಮೇಲೆಯೇ ಒಣಗುತ್ತದೆ, ಕೆರೆಯಲ್ಲಿ ಮತ್ತೆ ಮೆತ್ತಗಾಗುತ್ತದೆ. ಸೂಪರ್ ಗ್ಲೂ ಗಾಜಿನಂತೆ ಗಟ್ಟಿಯಾಗುತ್ತದೆ. ಫೋಮ್ ಬಾಗುತ್ತದೆ, ಅಂಟು ಬಾಗುವುದಿಲ್ಲ, ಸೀಳುತ್ತದೆ. ಪದರಗಳಿಗೆ ಬೇಕಾದದ್ದು ಚಪ್ಪಲಿ ರಿಪೇರಿಯವರು ಬಳಸುವ ಹಳದಿ ರಬ್ಬರ್ ಅಂಟು.

ಶೀಟಿನ ನುಣುಪು ಹೋಗುವಷ್ಟು 220 ನಂಬರಿನ ಮರಳು ಕಾಗದದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಹಳೆಯ ರೀಚಾರ್ಜ್ ಕಾರ್ಡಿನ ಅಂಚಿನಿಂದ ಅಂಟನ್ನು ಎರಡೂ ಮುಖಗಳಿಗೆ ತೆಳ್ಳಗೆ ಎಳೆಯಿರಿ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಹಸಿಯಿದ್ದಾಗಲೇ ಒತ್ತಿಬಿಡುತ್ತಾರೆ. ಆಗ ದ್ರಾವಕ ಎರಡು ಪದರಗಳ ನಡುವೆ ಸಿಕ್ಕಿಬಿದ್ದು ಜೋಡಣೆ ದಿನಗಟ್ಟಲೆ ಮೆತ್ತಗಿರುತ್ತದೆ. ಬೆರಳ ತುದಿ ಇಟ್ಟರೆ ಜಿಗುಟು ಅನ್ನಿಸಬೇಕು, ಅಂಟು ಮಾತ್ರ ಬೆರಳಿಗೆ ಬರಬಾರದು. ತಂಪು ಹೊತ್ತಿನಲ್ಲಿ ಇದಕ್ಕೆ ಸುಮಾರು ಹತ್ತು ನಿಮಿಷ ಬೇಕು. ರಾಯಚೂರಿನ ಏಪ್ರಿಲ್, ಮೇ ಬಿಸಿಲಲ್ಲಿ ಮೂರು ನಾಲ್ಕು ನಿಮಿಷವೇ ಜಾಸ್ತಿ, ಅಂಟು ಪೂರ್ತಿ ಸತ್ತು ಹಿಡಿಯುವುದೇ ಇಲ್ಲ. ಆ ತಿಂಗಳುಗಳಲ್ಲಿ ಬೆಳಗಿನ ಜಾವ ಕೂತು, ಅಂಗೈ ಅಗಲದ ತುಂಡಿಗಷ್ಟೇ ಹಚ್ಚಿ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ.

ಒಂದು ಅಂಚಿನಿಂದ ಇಳಿಸುತ್ತ ಬಂದು ಬಾಟಲಿ ಉರುಳಿಸಿ ಒತ್ತಿ. ಶೀಟನ್ನು ಎಳೆದು ಹಿಡಿಯಬೇಡಿ, ಎಳೆದ ಪದರ ಕುಗ್ಗಿ ಇಡೀ ಹಲಗೆಯನ್ನು ಬಿಲ್ಲಾಗಿಸುತ್ತದೆ. ಒಂದು ದಿನ ಬಿಟ್ಟು ಮೂಲೆಯನ್ನು ಕಿತ್ತು ನೋಡಿ: ಅಂಟಿನ ಗೆರೆ ಬಿಡದೆ ಫೋಮೇ ಹರಿದರೆ ಕೆಲಸ ಸರಿಯಾಗಿದೆ.

ಕತ್ತರಿ 6 ಮಿ.ಮೀ. ದಪ್ಪವನ್ನು ಅಮುಕಿ ಕೊಯ್ಯುತ್ತದೆ. ಬಿಟ್ಟ ಮೇಲೆ ಫೋಮ್ ಉಬ್ಬಿ ಅಂಚು ಓರೆಯಾಗುತ್ತದೆ. ಹೊಸ ಬ್ಲೇಡನ್ನು ಸೋಪು ನೀರಲ್ಲಿ ಅದ್ದಿ, ಸ್ಟೀಲ್ ಸ್ಕೇಲಿನ ಪಕ್ಕ ನೆಟ್ಟಗೆ ಹಿಡಿದು ಒಂದೇ ಉದ್ದ ಎಳೆತದಲ್ಲಿ ಕೊಯ್ಯಿರಿ, ಒತ್ತಬೇಡಿ. ಗಾಜಿನ ಮೇಲೆ ಕೊಯ್ದರೆ ಬ್ಲೇಡ್ ಎರಡೇ ಗೀಟಿಗೆ ಮೊಂಡಾಗುತ್ತದೆ, ದಪ್ಪ ರಟ್ಟು ಸಾಕು. ದುಂಡನೆಯ ಮೈ ಬೇಕಿದ್ದರೆ ಹಳೆ ರೇಡಿಯೊ ಏರಿಯಲ್‌ನ ಕೊಳವೆಯ ಬಾಯನ್ನು ಹರಿತ ಮಾಡಿ, ತಿರುಗಿಸುತ್ತ ಇಳಿಸಿ.

ಮೈ ತಿರುಗುವುದಕ್ಕೆ ಕಾರಣ ಬೋಳು ತಂತಿ. ಗಾಳದ ದಂಡಿಗೆ (ನೇರ ಭಾಗಕ್ಕೆ) ಮೊದಲು ಪಾಲಿಯೆಸ್ಟರ್ ಹೊಲಿಗೆ ದಾರವನ್ನು ಒತ್ತಾಗಿ ಸುತ್ತಿ. ಹತ್ತಿ ದಾರ ಬೇಡ, ಸೂಪರ್ ಗ್ಲೂ ತಾಗಿದರೆ ಹತ್ತಿ ಸುಡುವಷ್ಟು ಬಿಸಿಯಾಗಬಹುದು. ಫೋಮಿನ ಕೆಳಪದರದಲ್ಲಿ ಮಾತ್ರ, 2 ಮಿ.ಮೀ. ಆಳಕ್ಕೆ ಸೀಳಿ ದಂಡನ್ನು ಕೂರಿಸಿ. ಇನ್ನೂ ಆಳಕ್ಕೆ ಹೋದರೆ ಫೋಮ್ ಗಾಳದ ಬಾಯಿ (ದಂಡಿಗೂ ಮುಳ್ಳಿಗೂ ನಡುವಿನ ಜಾಗ) ಮುಚ್ಚಿ, ಮೀನು ಕಚ್ಚಿದರೂ ಮುಳ್ಳು ನಾಟುವುದಿಲ್ಲ. ಸೀಳಿಗೆ ಸೂಪರ್ ಗ್ಲೂ ಒಂದು ಹನಿ ಸಾಕು. ಒಣಹವೆಯಲ್ಲಿ ಅದು ತಡವಾಗಿ ಗಟ್ಟಿಯಾಗುತ್ತದೆ, ಒಮ್ಮೆ ಉಸಿರು ಊದಿ ಹಿಡಿದುಕೊಳ್ಳಿ. ಆಮೇಲೆ ಫೋಮಿನ ಮೇಲೆ ಸುತ್ತುವ ದಾರದ ಮೊದಲ ಎರಡು ಸುತ್ತು ಸಡಿಲ, ಆಮೇಲೆ ಬಿಗಿ. ಮೊದಲೇ ಬಿಗಿದರೆ ಸಣ್ಣ ಎಳೆ ಫೋಮನ್ನು ಚಾಕುವಿನಂತೆ ಕೊಯ್ಯುತ್ತದೆ.

ಥರ್ಮಾಕೋಲ್‌ಗೆ ಈ ಹಳದಿ ಅಂಟು ಹಚ್ಚಬೇಡಿ, ಕರಗಿ ಗುಂಡಿ ಬೀಳುತ್ತದೆ. ಹವಾಯಿ ಚಪ್ಪಲಿ ಅಟ್ಟೆಗೆ ಸರಿಹೋಗುತ್ತದೆ. ಮಾಡಿಟ್ಟ ಕಪ್ಪೆಗಳನ್ನು ಬಿಸಿಲಲ್ಲಿ ನಿಂತ ಬೈಕಿನ ಡಬ್ಬಿಯಲ್ಲಿ ಬಿಡಬೇಡಿ. ಕಾವಿಗೆ ಇವಿಎ ಕುಗ್ಗುತ್ತದೆ, ಅಂಟೂ ಸಡಿಲವಾಗುತ್ತದೆ.